ವೀರಣ್ಣೋವಿಚ್ ಕೈಗೊಂಡ ಉಪವಾಸ

ಮೊಸರಿಲ್ಲದೆ ಮನುಷ್ಯ ಎಷ್ಟು ದಿನ ಬದುಕಬಲ್ಲ ಎಂಬುದರ ಬಗ್ಗೆ ವೈದ್ಯಶಾಸ್ತ್ರ ಏನು ಹೇಳುತ್ತದೋ ನನಗೆ ತಿಳಿಯದು. ನನ್ನ ಸ್ವಂತ ಪ್ರಯೋಗದ ಪ್ರಕಾರ ಒಂಬತ್ತು ದಿನ. ಹತ್ತನೆಯ ದಿನ ಅವನು ಬಸ್ಸು ಬದಲಿಸುವ ನೆಪದಲ್ಲಿ ಲಂಡನ್ನಿನ ಸೌತಾಲಿನಲ್ಲಿ ಇಳಿಯುತ್ತಾನೆ. ಇಳಿದ ಮೇಲೆ ನಡೆಯುವುದಕ್ಕೆಲ್ಲ ಅವನನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಮೊದಲು ನನ್ನ ಗುರುತು ಹೇಳಿಬಿಡುತ್ತೇನೆ. ಹೆಸರು ಜಗದೇವಪ್ಪ, ಊರು ಧಾರವಾಡ, ವಯಸ್ಸು ಅರವತ್ತೆರಡು, ಉದ್ಯೋಗ ವಿದ್ಯಾರ್ಥಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಮೇಲೆ ಹೆಂಡತಿ ಗುರುದೇವಿ ಒಂದು ದಿನ, “ಮನ್ಯಾಗ ಕುಂತು ನನ್ನ ತಲಿ ತಿನ್ನೂದಕ್ಕಿಂತ ಎಲ್ಲ್ಯರೆ ಹೋಗಿ ಏನರೆ ಕಲೀರಿ” ಎಂದಳು. ಅವಳು ಹೇಳಿದ್ದು ಪಕ್ಕದ ಓಣಿಯ ಯೋಗದ ಕ್ಲಾಸಿನ ಬಗ್ಗೆ. ನಾನು ಲಂಡನ್ನಿನ ತುದಿಯ ಅಕ್ಸ್‌ಬ್ರಿಡ್ಜಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಒಂದು ವರ್ಷದ ಎಂ.ಎ., ವಿಷಯ ಇತಿಹಾಸ. ಏರ್‌ಪೋರ್ಟಿನ ಅಧಿಕಾರಿ ನನ್ನ ವಿದ್ಯಾರ್ಥಿ ವೀಸಾ ನೋಡಿ, ನನ್ನನ್ನು ನೋಡಿ, ವಿದ್ಯಾರ್ಥಿ ಹಿಂದೆ ಎಲ್ಲಾದರೂ ನಿಂತಿದ್ದಾನೋ ಎಂದು ನನ್ನ ಭುಜದಾಚೆ ಬಹಳ ಹೊತ್ತು ಹುಡುಕಿದ. ಮೊದಲ ದಿನ ನಾನು ತರಗತಿಗೆ ಕಾಲಿಟ್ಟಾಗ ಹುಡುಗರೆಲ್ಲ ಪುಸ್ತಕ ತೆರೆದು ಬರೆದುಕೊಳ್ಳಲು ಸಿದ್ಧರಾದರು.

ಅಣ್ಣನ ಮಗ ವಿಕಾಸ ಕ್ಯಾನರಿ ವಾರ್ಫಿನಲ್ಲಿ ಇದ್ದಾನೆ. ಅವನ ಫ್ಲಾಟು ಬೆಂಕಿಪೆಟ್ಟಿಗೆಯ ತಮ್ಮ. ಸೋಫಾದ ಮೇಲೆ ಮಲಗಿ ಕಾಲು ಚಾಚಿದರೆ ನನ್ನ ಹೆಬ್ಬೆರಳಿನಿಂದ ಅಡಿಗೆಮನೆಯ ಒಲೆ ಹೊತ್ತಿಕೊಳ್ಳುತ್ತಿತ್ತು. ಒಂದು ವಾರ ನೋಡಿ ಅವನೇ ಹೇಳಿದ.

“ಕಾಕಾ, ಇಲ್ಲಿಂದ ಅಕ್ಸ್‌ಬ್ರಿಡ್ಜ್ ಅಂದ್ರ ಊರಿನ ಈ ತುದಿಯಿಂದ ಆ ತುದಿ. ನಿಮಗ ಗ್ರೀನ್‌ಫರ್ಡ್‌ನ್ಯಾಗ ಒಂದು ಮನಿ ನೋಡೀನಿ. ವಿದ್ಯಾರ್ಥಿಗಳನ್ನ ಇಟ್ಕೋತಾರ. ರೂಮು, ಎರಡು ಹೊತ್ತು ಊಟ. ರಶಿಯನ್ ಮಂದಿ.”

“ನಾ ಇಂಗ್ಲಂಡಿಗೆ ಬಂದದ್ದು ರಶಿಯಾದಾಗ ಇರಾಕೇನೋ?”

“ಇಂಗ್ಲಿಷರು ಮನ್ಯಾಗ ಯಾರನ್ನೂ ಇಟ್ಕೊಳ್ಳೂದಿಲ್ಲ ಕಾಕಾ. ಸ್ವಂತ ಮಕ್ಕಳನ್ನೂ.”

ಹೀಗೆ ಜನವರಿಯ ಒಂದು ಮಧ್ಯಾಹ್ನ ನಾನು ಗಲೀನಾ ಪೆತ್ರೋವ್ನಾ ಅವರ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತೆ. ಅವರಿಗೆ ಎಪ್ಪತ್ತನಾಲ್ಕು. ವೋಲ್ಗಾ ನದಿಯ ದಂಡೆಯ ಊರಿನವರು, ಒಂದು ಕಾಲಕ್ಕೆ ಅಲ್ಲಿ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಎತ್ತರ ಎಷ್ಟೆಂದರೆ, ಅವರು ನಿಂತು ಮಾತಾಡಿದರೆ ಮಾತು ನನ್ನನ್ನು ತಲುಪುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ನಾನು ಹೊಸ್ತಿಲಾಚೆಯಿಂದಲೇ ಕೈ ಚಾಚಿದೆ. ಅವರು ಕುಲುಕಲಿಲ್ಲ, ಆ ಕೈ ಹಿಡಿದು ನನ್ನನ್ನು ಒಳಕ್ಕೆ ಎಳೆದುಕೊಂಡರು. (ಪೆಟ್ಟಿಗೆ ಆಮೇಲೆ ಬಂತು.) ಹೊಸ್ತಿಲ ಮೇಲೆ ಕೈ ಕುಲುಕಿದರೆ ಮನೆಯಲ್ಲಿ ಜಗಳವಾಗುತ್ತದಂತೆ. ನಮ್ಮವ್ವ ಬದುಕಿದ್ದರೆ ಇವರ ಜೊತೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

“ತಂದೆಯ ಹೆಸರೇನು?” ಎಂದರು. (ಅವರ ಇಂಗ್ಲಿಷು ಗಟ್ಟಿರೊಟ್ಟಿಯಂಥದ್ದು. ಓದುಗರ ಹಲ್ಲಿನ ಹಿತದೃಷ್ಟಿಯಿಂದ ಅದನ್ನು ಹಾಲಿನಲ್ಲಿ ನೆನೆಸಿ ಕನ್ನಡದಲ್ಲಿ ಬಡಿಸುತ್ತಿದ್ದೇನೆ.)

“ವೀರಣ್ಣ.”

“ಹಾಗಾದರೆ ನೀವು ಜಗದೇವ್ ವೀರಣ್ಣೋವಿಚ್.”

ಗೌರವಸ್ಥರನ್ನು ತಂದೆಯ ಹೆಸರು ಸೇರಿಸಿಯೇ ಕರೆಯುವುದು ಅವರ ಪದ್ಧತಿ. ಮೂವತ್ತೆರಡು ವರ್ಷ ಹುಡುಗರು ನನಗೆ ಇಟ್ಟಿದ್ದ ಹೆಸರುಗಳ ಪೈಕಿ ಬಾಯಿಬಿಟ್ಟು ಹೇಳುವಂಥದ್ದು ಒಂದೂ ಇರಲಿಲ್ಲ. ಮನೆಯಲ್ಲಂತೂ ನನ್ನ ಹೆಸರು “ಕೇಳಿಸ್ತೇನ್ರೀ”. ಈಗ ಇದ್ದಕ್ಕಿದ್ದಂತೆ ವೀರಣ್ಣೋವಿಚ್. ಆ ಹೆಸರಿನ ಜೊತೆಗೆ ಒಂದು ಕಿರೀಟ, ಎರಡು ಕುದುರೆಗಳು ಹಿಂದೆಯೇ ಬರುತ್ತವೆ ಎನಿಸಿ ಬಾಗಿಲ ಕಡೆ ನೋಡಿದೆ. ಬಂದವನು ಮಗ ಓಲೆಗ್. ನಲವತ್ತರ ಆಸುಪಾಸು, ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುವವನು. ಇಂಗ್ಲಿಷನ್ನು ಡಾಕ್ಟರು ಬರೆದುಕೊಟ್ಟ ಮಾತ್ರೆಯಂತೆ ದಿನಕ್ಕೆ ಮೂರು ಸಲ, ಊಟದ ನಂತರ ಮಾತ್ರ ಬಳಸುತ್ತಿದ್ದ.

ಆ ಮನೆಯಲ್ಲಿ ನನಗಿದ್ದ ಕಷ್ಟ ಒಂದೇ. ನಾನು ಮಾಂಸ ತಿನ್ನುವುದಿಲ್ಲ ಎಂಬುದನ್ನು ಗಲೀನಾ ಪೆತ್ರೋವ್ನಾ ನಂಬಲಿಲ್ಲ.

“ಕೋಳಿ?”

“ಅದೂ ಇಲ್ಲ.”

“ಕೋಳಿ ಮಾಂಸವಲ್ಲ, ವೀರಣ್ಣೋವಿಚ್. ಕೋಳಿ ಅಂದರೆ ಕೋಳಿ.”

ಸಂಜೆ ಬೀಟ್‌ರೂಟಿನ ಸಾರು ಬಡಿಸುತ್ತ, “ಮಾಂಸ ತೆಗೆದಿದ್ದೇನೆ” ಎನ್ನುತ್ತಿದ್ದರು. ಅದು ಇದ್ದ ಜಾಗ ಸಾರಿನಲ್ಲಿ ಹಾಗೇ ಇರುತ್ತಿತ್ತು. ನಾನು ಬಟ್ಟಲನ್ನು ಮೆಲ್ಲಗೆ ಓಲೆಗ್ ಕಡೆ ಸರಿಸುತ್ತಿದ್ದೆ. ಕೊನೆಗೆ ಇದೊಂದು ರೋಗವೆಂದು ತೀರ್ಮಾನಿಸಿ ನನ್ನನ್ನು ಜಿ.ಪಿ. ಹತ್ತಿರ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ರಕ್ತ ತೆಗೆದರು. ಕೊಲೆಸ್ಟರಾಲು ಲಂಡನ್ನಿನ ಅತಿ ಎತ್ತರದ ಕಟ್ಟಡಗಳ ಸಾಲಿನಲ್ಲಿ ನಿಲ್ಲುವಂತಿತ್ತು.

ಅದಕ್ಕೆ ಕಾರಣವೂ ಅದೇ ಅಡಿಗೆಮನೆ. ಅವರಲ್ಲಿ ಸ್ಮೆತಾನಾ ಎಂದು ಒಂದುಂಟು. ನಮ್ಮ ಗಟ್ಟಿ ಮೊಸರು ಏಳು ಜನ್ಮ ಪುಣ್ಯ ಮಾಡಿದರೆ ಎಂಟನೆಯ ಜನ್ಮದಲ್ಲಿ ಸ್ಮೆತಾನಾ ಆಗಿ ಹುಟ್ಟುತ್ತದೆ. ಚಮಚ ನಿಲ್ಲಿಸಿದರೆ ನಿಲ್ಲುತ್ತದೆ. ಮರುದಿನ ಬಂದು ನೋಡಿದರೂ ನಿಂತೇ ಇರುತ್ತದೆ. ಆಲೂಗಡ್ಡೆಯ ಮೇಲೆ ಸ್ಮೆತಾನಾ, ದೋಸೆಯಂಥ ಬ್ಲೀನಿಯ ಮೇಲೆ ಸ್ಮೆತಾನಾ, ನಾನು ಬ್ಯಾಡ ಅಂತ ಕೈ ಅಡ್ಡ ಹಿಡಿದರೆ ಕೈಯ ಮೇಲೆ ಸ್ಮೆತಾನಾ. ಧಾರವಾಡದಲ್ಲಿ ಡಾಕ್ಟರ್ ದಾನಪ್ಪನವರ ಮಾತು ಕೇಳಿ ಗುರುದೇವಿ ನನಗೆ ದಿನಕ್ಕೆ ಎರಡೇ ಚಮಚ ಮೊಸರು ಅಳೆದು ಹಾಕುತ್ತಿದ್ದಳು. ಫೋನಿನಲ್ಲಿ ದಿನವೂ ವಿಚಾರಣೆ ಇರುತ್ತಿತ್ತು.

“ಮೊಸರು ತಿನ್ನಾಕತ್ತೀರೇನು?”

“ಇಲ್ಲಿ ಮೊಸರ ಸಿಗೂದಿಲ್ಲ ಮಾರಾಯ್ತಿ” ಎನ್ನುತ್ತಿದ್ದೆ. ಸ್ಮೆತಾನಾ ಬಗ್ಗೆ ಅವಳು ಕೇಳಿರಲಿಲ್ಲ.

ಹೀಗೆ ಎರಡು ತಿಂಗಳು ಸ್ವರ್ಗದಲ್ಲಿದ್ದೆ. ಫೆಬ್ರವರಿಯ ಕೊನೆಯ ಒಂದು ಸಂಜೆ ಹಣೆಗೆ ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂತಿದ್ದಾಗ ಗಲೀನಾ ಪೆತ್ರೋವ್ನಾ ನನ್ನನ್ನೇ ನೋಡುತ್ತ ಕೇಳಿದರು.

“ವೀರಣ್ಣೋವಿಚ್, ಸೋಮವಾರದಿಂದ ನಮ್ಮ ದೊಡ್ಡ ಉಪವಾಸ ಶುರು. ಈಸ್ಟರ್‌ವರೆಗೆ ಏಳು ವಾರ, ಮಾಂಸ ಮುಟ್ಟಬಾರದು. ನೀವು ಮಾಂಸ ಬಿಟ್ಟಿರುವುದೂ ಇಂಥ ಉಪವಾಸವೇ?”

ಇಲ್ಲಿ ನಾನು ಇತಿಹಾಸ ಓದಿದವನು ಮಾಡಬಾರದ ತಪ್ಪು ಮಾಡಿದೆ. ಎದುರಿನವರ ಪದ್ಧತಿ ತಿಳಿಯದೆ ಒಪ್ಪಂದಕ್ಕೆ ಸಹಿ ಹಾಕಿದೆ. ನಮ್ಮ ಕಡೆ ಉಪವಾಸವೆಂದರೆ ಏನು? ಬೆಳಿಗ್ಗೆ ತುಪ್ಪ ಸುರಿದ ಸಾಬೂದಾಣಿ ಖಿಚಡಿ, ಮಗ್ಗುಲಿಗೆ ಗಟ್ಟಿ ಮೊಸರು. ನಡುವೆ ಶೇಂಗಾ ಉಂಡಿ. ಮಧ್ಯಾಹ್ನ ಬಾಳೆಹಣ್ಣಿನ ಶಿಕರಣಿ. ಸಂಜೆ ಕೇಸರಿ ಹಾಲು. ಶಿವರಾತ್ರಿಯ ಉಪವಾಸ ಮಾಡಿ ಜೀರ್ಣವಾಗದೆ ನಾನು ಮರುದಿನ ಊಟ ಬಿಟ್ಟದ್ದುಂಟು. ಅಂಥ ಏಳು ವಾರ ಎಂದರೆ ಯಾರು ಬೇಡ ಎನ್ನುತ್ತಾರೆ? ಅದೂ ಅಲ್ಲದೆ, ಎರಡು ತಿಂಗಳಿಂದ ರೋಗಿಯಾಗಿದ್ದವನಿಗೆ ಒಮ್ಮೆಲೇ ತಪಸ್ವಿಯಾಗುವ ಅವಕಾಶ.

“ಹೌದು” ಎಂದೆ.

“ಎಷ್ಟು ವಾರ?”

“ವಾರದ ಮಾತೇ ಇಲ್ಲ ಗಲೀನಾ ಪೆತ್ರೋವ್ನಾ. ಜೀವನಪೂರ್ತಿ. ನಮ್ಮಪ್ಪ ವೀರಣ್ಣ, ಅವರಪ್ಪ, ಅವರಪ್ಪ, ಎಲ್ಲರೂ ಹಾಗೇ.”

ಅವರು ಸೌಟು ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಕಣ್ಣು ಒದ್ದೆಯಾಗಿತ್ತು. ಓಲೆಗ್ ಎದುರಿನಿಂದ ನನ್ನನ್ನು ನೋಡಿದ. ಒಡೆದ ಪೈಪನ್ನು ನೋಡುವ ನೋಟ ಅದು.

ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಒಂದು ಬಟ್ಟಲಲ್ಲಿ ಬೇಯಿಸಿದ ಗ್ರೇಚ್ಕಾ ಇತ್ತು. ಅದು ಕಂದು ಬಣ್ಣದ ಒಂದು ಕಾಳು. ರುಚಿ ಗೋಣಿಚೀಲದ ಕಡೆಯದು. ಪಕ್ಕದಲ್ಲಿ ಕರಿ ಬ್ರೆಡ್ಡು, ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸು, ಕರಿ ಚಹಾ. ನಾನು ನಗುತ್ತ ಫ್ರಿಜ್ ತೆರೆದೆ. ಸ್ಮೆತಾನಾ ಇರಲಿಲ್ಲ. ಬೆಣ್ಣೆ ಇರಲಿಲ್ಲ. ಹಾಲಿನ ಡಬ್ಬಿ ಇಡುವ ಜಾಗದಲ್ಲಿ ಒಂದು ಎಲೆಕೋಸು ನನ್ನನ್ನೇ ನೋಡುತ್ತಿತ್ತು.

“ಚಹಾಕ್ಕೆ ಹಾಲು?” ಎಂದೆ.

ಗಲೀನಾ ಪೆತ್ರೋವ್ನಾ ನಕ್ಕರು, ನಾನು ತಮಾಷೆ ಮಾಡಿದೆ ಎಂದು. “ಹಾಲು ಕೊಡುವುದು ಹಸು ಅಲ್ಲವೇ ವೀರಣ್ಣೋವಿಚ್. ಉಪವಾಸದಲ್ಲಿ ಪ್ರಾಣಿಯಿಂದ ಬಂದದ್ದು ಏನೂ ಇಲ್ಲ. ಹಾಲಿಲ್ಲ, ಮೊಸರಿಲ್ಲ, ಬೆಣ್ಣೆ ಇಲ್ಲ. ಈ ವಾರ ಎಣ್ಣೆಯೂ ಇಲ್ಲ. ಜೀವನಪೂರ್ತಿ ಮಾಡಿದ ನಿಮಗೆ ನಾನು ಹೇಳಿಕೊಡಬೇಕೇ?”

ನಿಜ ಹೇಳುವುದಕ್ಕೆ ಅದೇ ಸರಿಯಾದ ಸಮಯವಾಗಿತ್ತು. ನಾನು ಹೇಳುತ್ತಿದ್ದೆ ಕೂಡ. ಆದರೆ ಅಷ್ಟರಲ್ಲಿ ಅವರು ತಮ್ಮ ದಿವಂಗತ ಗಂಡನ ಕುರ್ಚಿಯನ್ನು ಹೀಟರಿನ ಹತ್ತಿರ ಎಳೆದು, ಅದರ ಮೇಲೆ ನನ್ನನ್ನು ಕೂರಿಸಿ, ತಾವೇ ಹೆಣೆದ ಉಣ್ಣೆಯ ಕಾಲುಚೀಲ ಕೊಟ್ಟರು. ಇಪ್ಪತ್ತು ವರ್ಷದಿಂದ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲವಂತೆ. ಭಾನುವಾರ ಅವರ ಚರ್ಚಿನ ನಾಲ್ಕು ಮುದುಕಿಯರು ನನ್ನನ್ನು ನೋಡಲೆಂದೇ ಬಂದು, ತಲೆಗೆ ವಸ್ತ್ರ ಕಟ್ಟಿಕೊಂಡು ಸಾಲಾಗಿ ಕೂತು, ನಾನು ಗ್ರೇಚ್ಕಾ ತಿನ್ನುವುದನ್ನು ಮೌನವಾಗಿ ನೋಡಿದರು. ಅರವತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ನೋಡಿರಲಿಲ್ಲ. ಒಂದು ಕಡೆ ಮೊಸರು, ಇನ್ನೊಂದು ಕಡೆ ವೀರಣ್ಣೋವಿಚ್. ಎರಡೂ ನನಗೆ ಬೇಕಾಗಿದ್ದವು.

ಆ ವಾರವೇ ಓಲೆಗ್ ಮೆಟ್ಟಿಲ ಮೇಲೆ ನನ್ನನ್ನು ಅಡ್ಡಗಟ್ಟಿದ.

“ಅಮ್ಮ. ಬಿ.ಪಿ. ವಯಸ್ಸು. ಪಾದ್ರಿ ಹೇಳಿದ, ಉಪವಾಸ ಬೇಡ. ಹತ್ತು ವರ್ಷ ಮನೆಯಲ್ಲಿ ಉಪವಾಸ ಇಲ್ಲ. ನಾನು ಕಟ್ಲೆಟ್. ಅಮ್ಮ ಬೆಣ್ಣೆ. ಎಲ್ಲ ಚೆನ್ನ.” ಉಸಿರು ತೆಗೆದುಕೊಂಡ. “ನೀನು ಬಂದೆ. ಅಮ್ಮನಿಗೆ ನಾಚಿಕೆ. ಭಾರತದ ಮನುಷ್ಯ ಮಾಡುತ್ತಾನೆ, ನಾನು ಮಾಡುವುದಿಲ್ಲವೇ. ಈಗ ಎಲ್ಲ ಗ್ರೇಚ್ಕಾ.”

“ನನಗೂ ಅದರಿಂದ ಸಂತೋಷವಿಲ್ಲ ಓಲೆಗ್.”

“ನೀನು ಒಂದು ಕಟ್ಲೆಟ್ ತಿನ್ನು. ಅಮ್ಮನ ಮುಂದೆ. ಸಾಕು.”

ಆ ಒಂದು ವಾರದಲ್ಲಿ ಅವನು ನನ್ನ ಜೊತೆ ಮೂರು ವರ್ಷಕ್ಕಾಗುವಷ್ಟು ಇಂಗ್ಲಿಷ್ ಖರ್ಚು ಮಾಡಿದ. ಹಸಿವು ಮನುಷ್ಯನನ್ನು ವಾಚಾಳಿಯನ್ನಾಗಿ ಮಾಡುತ್ತದೆ.

ಗ್ರೀನ್‌ಫರ್ಡಿನಿಂದ ಅಕ್ಸ್‌ಬ್ರಿಡ್ಜಿಗೆ ಹೋಗಲು ನಾನು ಸೌತಾಲಿನಲ್ಲಿ, ಹೆಜ್ಜೆಗೊಂದು ನಮ್ಮ ದೇಶದ ಹೋಟೆಲಿರುವ ಪೇಟೆಯಲ್ಲಿ, ಬಸ್ಸು ಬದಲಿಸಬೇಕು. ಉಪವಾಸಿಗೆ ಅಲ್ಲಿ ಬಸ್ಸು ಬದಲಿಸುವಂತೆ ವ್ಯವಸ್ಥೆ ಮಾಡಿದವನು ಯಾರೋ, ಅವನ ಮೇಲೆ ನನಗೆ ಸಿಟ್ಟಿಲ್ಲ. ಹತ್ತನೆಯ ದಿನ ಬುಧವಾರ. ಬಸ್‌ಸ್ಟಾಪಿನ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಮದ್ರಾಸಿ ಹೋಟೆಲಿತ್ತು. ಕಾಲುಗಳು ನನ್ನನ್ನು ಕೇಳಲಿಲ್ಲ. “ಮೊಸರನ್ನ” ಎಂದೆ. ತಟ್ಟೆ ಬಂತು. ಬೆಳ್ಳಗೆ, ತಣ್ಣಗೆ, ಮೇಲೆ ಧಾರಾಳ ಸಾಸಿವೆ ಒಗ್ಗರಣೆ, ಕರಿಬೇವು. ಮೊದಲ ತಟ್ಟೆಯನ್ನು ತಿಂದದ್ದು ನೆನಪಿಲ್ಲ. ಎರಡನೆಯದಕ್ಕೆ ಕಣ್ಣು ಕಾಣಿಸತೊಡಗಿತು. ಮೂರನೆಯದು ತಿನ್ನುತ್ತ ಕಿಟಕಿಯಾಚೆ ನೋಡಿದರೆ ಎದುರಿನ ಕಬಾಬಿನ ಅಂಗಡಿಯ ಮುಂದೆ ಒಂದು ಬಾಯ್ಲರ್ ರಿಪೇರಿ ವ್ಯಾನು ನಿಂತಿತ್ತು. ಒಳಗೆ ಓಲೆಗ್ ತನ್ನ ಮೊಣಕೈಯಷ್ಟು ಉದ್ದದ ಒಂದು ಸುರುಳಿಯನ್ನು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ.

ಇಬ್ಬರೂ ಬಹಳ ಹೊತ್ತು ಅಗಿಯುವುದನ್ನು ನಿಲ್ಲಿಸಿದೆವು. ನಂತರ ಇಬ್ಬರೂ ಮುಂದುವರಿಸಿದೆವು. ಅಲ್ಲಿಗೆ ಒಪ್ಪಂದವಾಯಿತು. ಇನ್ನು ಪ್ರತಿ ಬುಧವಾರ, ಅದೇ ಹೊತ್ತಿಗೆ.

ಮೊದಲ ದಿನವೇ ಸ್ವಲ್ಪ ಎಡವಟ್ಟಾಯಿತು. ಸಂಜೆ ಮನೆಗೆ ಬಂದಾಗ ಗಲೀನಾ ಪೆತ್ರೋವ್ನಾ ನನ್ನ ಮೀಸೆಯನ್ನು ದಿಟ್ಟಿಸಿ, “ಇದೇನು ಬಿಳಿ?” ಎಂದರು.

ಓಲೆಗ್ ಹಿಂದಿನಿಂದ, “ಪ್ಲಾಸ್ಟರ್” ಎಂದ. “ಗೋಡೆ ಕೆಲಸ. ಅವನು ಸಹಾಯ ಮಾಡಿದ.”

ಅವರು ತಮ್ಮ ಹೆಬ್ಬೆರಳಿನಿಂದ ಮೀಸೆ ಒರೆಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಏಪ್ರನ್ನಿಗೆ ಒರೆಸಿಕೊಂಡರು. “ಉಪವಾಸದಲ್ಲಿ ಮೈಮುರಿದು ಕೆಲಸವನ್ನೂ ಮಾಡುತ್ತೀರಿ, ವೀರಣ್ಣೋವಿಚ್” ಎಂದು ಗ್ರೇಚ್ಕಾ ಇನ್ನೊಂದು ಸೌಟು ಹೆಚ್ಚು ಹಾಕಿದರು. ತಪಸ್ವಿಯ ಜೊತೆಗೆ ಶ್ರಮಿಕನೂ ಆದೆ. ಚರ್ಚಿನ ಮುದುಕಿಯರು ಮುಂದಿನ ಭಾನುವಾರ ಆರು ಜನ ಬಂದರು.

ಮೂರನೆಯ ವಾರ ಇನ್ನೊಂದು ಘಟನೆ ನಡೆಯಿತು. ಅದರ ತೂಕ ನನಗೆ ಆಗ ತಿಳಿಯಲಿಲ್ಲ. ನಾನು ಗುರುದೇವಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಾಗ ಗಲೀನಾ ಪೆತ್ರೋವ್ನಾ ಕರಿ ಚಹಾ ತಂದರು. ಫೋನು ಅವರ ಕೈಗೆ ಹೋಯಿತು. ಗುರುದೇವಿಗೆ ರಶಿಯನ್ ಬಾರದು, ಅವರಿಗೆ ಕನ್ನಡ ಬಾರದು, ಇಂಗ್ಲಿಷಿನ ಗೊಡವೆಗೆ ಇಬ್ಬರೂ ಹೋಗಲಿಲ್ಲ. ಇವರು ರಶಿಯನ್ನಿನಲ್ಲಿ ಹೇಳಿದರು, ಅವಳು ಧಾರವಾಡದ ಕನ್ನಡದಲ್ಲಿ ಹೇಳಿದಳು. ಇವರು ಗ್ರೇಚ್ಕಾದ ಬಟ್ಟಲು ತೋರಿಸಿ, ಖಾಲಿ ಫ್ರಿಜ್ ತೋರಿಸಿ, ಎದೆಯ ಮೇಲೆ ಕೈಯಿಟ್ಟು ನನ್ನ ಕಡೆ ಬೆರಳು ಮಾಡಿದರು. ಮುಕ್ಕಾಲು ಗಂಟೆಯಾದ ಮೇಲೆ ಫೋನು ನನಗೆ ವಾಪಸು ಬಂತು.

“ಏನ್ರೀ,” ಎಂದಳು ಗುರುದೇವಿ. “ಮೊಸರು, ಹಾಲು, ತುಪ್ಪ ಎಲ್ಲಾ ಬಿಟ್ಟೀರಂತ?”

“ಹೂಂ. ಬಿಟ್ಟೀನಿ.”

“ನನಗ್ಯಾಕ ಹೇಳಲಿಲ್ಲ?”

“ಇಂಥಾದ್ದೆಲ್ಲಾ ಡಂಗುರಾ ಸಾರಬಾರದು” ಎಂದೆ.

ಅವಳು ಸೊಪ್ಪಿನ ಬುಟ್ಟಿ ಎಳೆದುಕೊಂಡು ಸೋಸತೊಡಗಿದಳು. ಮದುವೆಯಾದಾಗಿನಿಂದ ಅವಳು ಮಾತಿಗೆ ನಿಂತು ಸೋತದ್ದು ಅದೇ ಮೊದಲು. ಅಂದಿನಿಂದ ಆ ಇಬ್ಬರೂ ದಿನವೂ ಮಾತಾಡತೊಡಗಿದರು, ನನ್ನನ್ನು ನಡುವೆ ಇಟ್ಟುಕೊಳ್ಳದೆ. ಗಲೀನಾ ಪೆತ್ರೋವ್ನಾ ಫೋನನ್ನು ಡಬ್ಬಿಗಳ ನಡುವೆ ಒರಗಿಸಿ ಬೀಟ್‌ರೂಟು ಹೆಚ್ಚುವರು; ಆ ಕಡೆ ಗುರುದೇವಿ ಸೊಪ್ಪು ಸೋಸುವಳು. ಒಬ್ಬರು ಏನೋ ಹೇಳಿ ನಗುವರು, ಇನ್ನೊಬ್ಬರು ಬೇರೇನೋ ಹೇಳಿ ನಗುವರು.

ಆರನೆಯ ವಾರ ಜಿ.ಪಿ. ಮತ್ತೆ ರಕ್ತ ತೆಗೆದರು. ಕೊಲೆಸ್ಟರಾಲು ಬಹುಮಹಡಿಯಿಂದ ಇಳಿದು ಬಂದು ನೆಲಮನೆಯಲ್ಲಿ ನಿಂತಿತ್ತು. ಡಾಕ್ಟರು ಕಾಗದವನ್ನು ತಿರುಗಿಸಿ ಹೆಸರು ಎರಡು ಸಲ ನೋಡಿದರು. ನಾನು ಹೆಮ್ಮೆಯಿಂದ ಆ ರಿಪೋರ್ಟಿನ ಫೋಟೋ ತೆಗೆದು ಗುರುದೇವಿಗೆ ಕಳಿಸಿದೆ. ಯಾರೂ ಕೇಳಿರಲಿಲ್ಲ. ನಾನೇ ಕಳಿಸಿದೆ. ಇದನ್ನು ಎರಡು ಸಲ ಹೇಳುವುದಕ್ಕೆ ಕಾರಣವಿದೆ.

ಕೊನೆಯ ವಾರ ಗಲೀನಾ ಪೆತ್ರೋವ್ನಾ ಪಾಸ್ಖಾ ಮಾಡಲು ತೊಡಗಿದರು. ಉಪವಾಸ ಮುಗಿದ ಈಸ್ಟರ್ ದಿನ ತಿನ್ನುವ ವಸ್ತು ಅದು. ನೀರು ಬಸಿದ ಗಟ್ಟಿ ಮೊಸರಿನಂಥದಕ್ಕೆ ಬೆಣ್ಣೆ, ಕೆನೆ, ಸಕ್ಕರೆ, ದ್ರಾಕ್ಷಿ ಕಲೆಸಿ, ಗೋಪುರದಂಥ ಮರದ ಅಚ್ಚಿಗೆ ತುಂಬಿ, ಮೇಲೆ ಓಲೆಗ್‌ನ ಕಬ್ಬಿಣದ ಪೈಪಿನ ತುಂಡು ಹೇರಿ ಇಟ್ಟರು. ನಮ್ಮ ಶ್ರೀಖಂಡವೇ ಎದ್ದು ನಿಂತು ಗೋಪುರ ಕಟ್ಟಿಕೊಂಡಂತೆ. ಮೊಟ್ಟೆ ಹಾಕಿಲ್ಲ ಎಂದು ಓಲೆಗ್‌ನಿಂದ ಖಾತರಿ ಮಾಡಿಕೊಂಡೆ. ಎರಡು ದಿನ ಅದರಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತ ಓದಲು ಕೂತೆ. ನೆಪೋಲಿಯನ್ ಮಾಸ್ಕೋಗೆ ಹೋದದ್ದು ಯಾಕೆಂದು ಇತಿಹಾಸಕಾರರು ಏನೇನೋ ಬರೆದಿದ್ದಾರೆ. ನನಗೆ ನಿಜವಾದ ಕಾರಣ ಹೊಳೆಯಿತು.

ಈಸ್ಟರ್ ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಜಾಗವಿರಲಿಲ್ಲ. ಬಣ್ಣದ ಮೊಟ್ಟೆಗಳು, ಎತ್ತರದ ಸಿಹಿ ಬ್ರೆಡ್ಡು, ಓಲೆಗ್‌ನ ಕಟ್ಲೆಟ್ಟುಗಳ ಗುಡ್ಡ, ನಡುವೆ ಬೆಳ್ಳಗೆ ಪಾಸ್ಖಾ. ಎದುರಿಗೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಗುರುದೇವಿ, ಇಳಕಲ್ ಸೀರೆ ಉಟ್ಟು ಕೂತಿದ್ದಳು. ಹಿಂದೆ ಓಣಿಯ ನಾಲ್ಕು ಹೆಂಗಸರು ಇದ್ದರು.

ಗಲೀನಾ ಪೆತ್ರೋವ್ನಾ ಎದ್ದು ನಿಂತರು. “ನನ್ನ ಮಗ ಓಲೆಗ್ ನಿನ್ನೆ ನನ್ನ ಹತ್ತಿರ ಬಂದು ತಪ್ಪು ಒಪ್ಪಿಕೊಂಡ. ಬುಧವಾರ ಬುಧವಾರ ಕಬಾಬು ತಿಂದನಂತೆ. ಕ್ಷಮಿಸಿದ್ದೇನೆ. ಈಸ್ಟರ್‌ಗೆ ಮುಂಚೆ ಹೇಳಿಕೊಂಡವರನ್ನು ಕ್ಷಮಿಸಬೇಕು.” ಓಲೆಗ್‌ನ ತಟ್ಟೆಗೆ ಅಂಗೈಯಗಲ ಪಾಸ್ಖಾ ಬಿತ್ತು. ಅವನು ನನ್ನ ಕಡೆ ನೋಡಿ ತಲೆಯಲ್ಲಾಡಿಸಿದ. ನನ್ನ ಹೆಸರು ಹೇಳಿಲ್ಲ ಎಂದು ಅದರ ಅರ್ಥ. ಸ್ನೇಹಿತ ಎಂದರೆ ಅವನು.

ನಾನು ತಟ್ಟೆ ಮುಂದೆ ಮಾಡಿದೆ. ಗಲೀನಾ ಪೆತ್ರೋವ್ನಾ ಅದನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಅದರ ಜಾಗದಲ್ಲಿ ಬೇರೊಂದು ಬಟ್ಟಲು ಇಟ್ಟರು. ಗ್ರೇಚ್ಕಾ.

“ನಮ್ಮದು ಏಳು ವಾರ” ಎಂದರು. “ನಿಮ್ಮದು ಜೀವನಪೂರ್ತಿ. ನೀವೇ ಹೇಳಿದಿರಲ್ಲ.”

“ಹಾಂ, ನಾನೂ ರಿಪೋರ್ಟ್ ನೋಡೀನ್ರೀ,” ಎಂದಳು ಫೋನಿನಿಂದ ಗುರುದೇವಿ. “ದಾನಪ್ಪ ಡಾಕ್ಟರಿಗೆ ತೋರ್ಸಿದೆ. ಹಿಂಗ ನಡಸ್ರಿ, ಬಿಡಬ್ಯಾಡ್ರಿ ಅಂದ್ರು. ಗಲೀನಕ್ಕಾರಿಗೂ ಹೇಳೀನಿ, ನೀವು ಡಿಗ್ರಿ ಮುಗಿಸೋತನಾ ಅವರ ನೋಡ್ಕೋತಾರ.”

ಯಾವ ಭಾಷೆಯಲ್ಲಿ ಹೇಳಿದಳೋ, ಶಿವನೇ ಬಲ್ಲ.

ನಾನು ಬಾಯಿ ತೆರೆದೆ. ನಿಜ ಹೇಳಿಬಿಟ್ಟರೆ ಪಾಸ್ಖಾ ನನ್ನದು. ಓಲೆಗ್‌ಗೆ ಸಿಕ್ಕಿದ್ದು ನನಗೂ ಸಿಗುತ್ತದೆ. ಬಹಳವೆಂದರೆ ಕುರ್ಚಿ ಹೋಗುತ್ತದೆ, ವೀರಣ್ಣೋವಿಚ್ ಹೋಗಿ ಬರೀ ಜಗದೇವಪ್ಪ ಉಳಿಯುತ್ತಾನೆ. ಅಷ್ಟರಲ್ಲಿ ಗುರುದೇವಿ ಹಿಂದೆ ತಿರುಗಿ ಓಣಿಯ ಹೆಂಗಸರಿಗೆ ಹೇಳುವುದು ಕೇಳಿಸಿತು. “ನಮ್ಮನಿಯವರ ಮನಸ್ಸು ಭಾಳ ಗಟ್ಟಿ ನೋಡ್ರಿ. ಒಂದ್ಸಲ ಬಿಟ್ರಂದ್ರ ಬಿಟ್ರು.” ಮದುವೆಯಾಗಿ ಮೂವತ್ನಾಲ್ಕು ವರ್ಷ. ಈ ಧ್ವನಿಯಲ್ಲಿ ಅವಳು ನನ್ನ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಬಾಯಿ ಮುಚ್ಚಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು, ಎದುರಿನ ಬಿಳಿ ಗೋಪುರದ ಕಡೆ ನೋಡದೆ, ಗ್ರೇಚ್ಕಾಕ್ಕೆ ಚಮಚ ಹಾಕಿದೆ. ಅಷ್ಟು ಘನತೆಯಿಂದ ಗೋಣಿಚೀಲವನ್ನು ಯಾರೂ ತಿಂದಿರಲಾರರು.

ಗಲೀನಾ ಪೆತ್ರೋವ್ನಾ ಸೌಟು ಹಿಡಿದು ನನ್ನ ಪಕ್ಕಕ್ಕೆ ಬಂದು, ಕಿವಿಯ ಹತ್ತಿರ ಬಗ್ಗಿದರು.

“ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು, ಜಗದೇವ್ ವೀರಣ್ಣೋವಿಚ್” ಎಂದರು ಮೆಲ್ಲಗೆ. “ಪ್ಲಾಸ್ಟರಿನಲ್ಲಿ ಸಾಸಿವೆ ಇರುವುದಿಲ್ಲ. ನೀವು ಬಂದು ಹೇಳುತ್ತೀರೆಂದು ನಿನ್ನೆಯವರೆಗೂ ಕಾದೆ.”

ಚಮಚ ಗಾಳಿಯಲ್ಲೇ ನಿಂತಿತು.

“ಏನಂದ್ರು ಗಲೀನಕ್ಕಾರು?” ಫೋನಿನಿಂದ ಗುರುದೇವಿ ಕೇಳಿದಳು.

“ಇನ್ನೊಂದೀಟು ಬಡಸ್ಲೇನು ಅಂದ್ರು” ಎಂದೆ.

“ಹಾಕಿಸ್ಕೋರಿ ಮತ್ತ, ನಾಚ್ಕೋಬ್ಯಾಡ್ರಿ.”

ಗಲೀನಾ ಪೆತ್ರೋವ್ನಾ ಹಾಕಿದರು. ಎರಡು ಸೌಟು.